ಜಾಝ್ ಕಲಿಯಲು ಲಕ್ಷ ರೂಪಾಯಿಯ ಗಿಟಾರ್ ಬೇಕಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮಕ್ಕಳಿಗೆ ಸಂಗೀತ ವಾದ್ಯ ಕೊಡಿಸುವ ಬಗ್ಗೆ ಬಂದ ಬರಹ ಓದಿದೆ. ಕೀಬೋರ್ಡ್, ವಯೊಲಿನ್, ತಬಲಾ ಬಗ್ಗೆ ಬರೆದದ್ದೆಲ್ಲ ತಂದೆ ತಾಯಂದಿರಿಗೆ ಉಪಯೋಗಕ್ಕೆ ಬರುವಂತಿದೆ. ಗಿಟಾರಿನ ವಿಷಯದಲ್ಲಿ ಮಾತ್ರ ಒಂದು ಮಾತು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಜಾಝ್ ಕಲಿಯಬೇಕಾದರೆ ಒಳಗೆ ಟೊಳ್ಳಿರುವ ಆರ್ಚ್‌ಟಾಪ್ ಗಿಟಾರೇ ಬೇಕು, ಲಕ್ಷದ ಆಸುಪಾಸು ಖರ್ಚಿಗೆ ತಯಾರಿರಬೇಕು ಎಂಬ ಅರ್ಥದ ಮಾತು ಅದು. ನಾನು ಮಂಗಳೂರಿನ ಕಂಕನಾಡಿಯಲ್ಲಿ ಗಿಟಾರ್ ರಿಪೇರಿ ಮಾಡಿ ಬದುಕುವವನು. ಚರ್ಚಿನ ಗಾಯನ ಮಂಡಳಿಯವರ ಗಿಟಾರು, ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆ ಮತ್ತು ಮದುವೆ ಮನೆಗಳಿಗೆ ಹೋಗುವ ಬ್ಯಾಂಡಿನವರ ಗಿಟಾರು, ಕಾಲೇಜು ಮಕ್ಕಳ ಗಿಟಾರು ಎಲ್ಲವೂ ನನ್ನ ಮೇಜಿನ ಮೇಲೆ ಬರುತ್ತವೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ನಾನು ನುಡಿಸುವುದು ಜಾಝ್. ಹಾಗಾಗಿ ಈ ವಿಷಯ ನನಗೆ ಹೊಟ್ಟೆಪಾಡೂ ಹೌದು, ಪ್ರೀತಿಯೂ ಹೌದು.

ಆ ಮಾತಿನಿಂದ ಏನಾಗುತ್ತದೆ ಎಂದು ಮೊದಲು ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಒಬ್ಬರು ಮಗನ ಗಿಟಾರ್ ಹಿಡಿದುಕೊಂಡು ಬಂದರು. ಟೆಂಪೋ ಓಡಿಸುವವರು. ಹುಡುಗ ಜಾಝ್ ಅಂದ ಕೂಡಲೇ ಅಂಗಡಿಯವರು ಟೊಳ್ಳು ಒಡಲಿನ ದೊಡ್ಡ ಗಿಟಾರನ್ನೇ ತೋರಿಸಿದ್ದರು, ಬೇರೆ ಯಾವುದರಲ್ಲೂ ಆ ನಾದ ಬರುವುದಿಲ್ಲ ಎಂದಿದ್ದರು. ತಿಂಗಳ ಕಂತಿನ ಮೇಲೆ 80,000 ರೂಪಾಯಿಯ ಗಿಟಾರ್ ಮನೆಗೆ ಬಂತು. ತಂತಿಗಳು ಗಿಟಾರಿನ ಕತ್ತಿನಿಂದ (ನೆಕ್) ಎಷ್ಟು ಮೇಲಿದ್ದವೆಂದರೆ ಬಾರ್ ಕಾರ್ಡ್ (ಒಂದೇ ಬೆರಳನ್ನು ತಂತಿಗಳಿಗೆ ಅಡ್ಡ ಒತ್ತಿ ಹಿಡಿಯುವ ಸ್ವರಗುಚ್ಛ) ಹಿಡಿದು ಹುಡುಗನ ಮಣಿಕಟ್ಟಿಗೆ ನೋವು ಬಂದಿತ್ತು. ಹಾಕಿದ್ದು ರಾಕ್ ನುಡಿಸುವವರ ತೆಳು ತಂತಿ. ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆ) ಕೊಳ್ಳಲು ಹಣ ಉಳಿದಿರಲಿಲ್ಲ. ಗಿಟಾರ್ ಕೆಟ್ಟದ್ದೇನೂ ಅಲ್ಲ, ಆದರೆ ಅದನ್ನು ನುಡಿಸುವ ಹಾಗೆ ಮಾಡಿ ಕೊಟ್ಟವರೇ ಇರಲಿಲ್ಲ. ಹುಡುಗ ಆಗಲೇ ಅದನ್ನು ಮುಟ್ಟುವುದು ಬಿಟ್ಟಿದ್ದ. ಕಂತು ಇನ್ನೂ ಕಟ್ಟುತ್ತಾ ಇದ್ದಾರೆ.

ಟೊಳ್ಳು ಗಿಟಾರಿಗೂ ಜಾಝ್‌ಗೂ ನಂಟು ಯಾಕೆ ಬಂತು ಎಂದು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸಿ ಆಂಪಿಗೆ ಕಳಿಸುವ ಪಿಕಪ್ ಇಲ್ಲದ ಕಾಲದಲ್ಲಿ ಟ್ರಂಪೆಟ್, ಟ್ರೊಂಬೋನ್, ಡ್ರಮ್ಸ್ ನಡುವೆ ಗಿಟಾರಿನ ಸದ್ದು ಕೇಳಬೇಕಾದರೆ ಒಡಲು ದೊಡ್ಡದಿರಬೇಕಿತ್ತು, ಮೇಲಿನ ಹಲಗೆ ವಯೊಲಿನ್ನಿನ ಹಾಗೆ ಉಬ್ಬಿರಬೇಕಿತ್ತು. 1922ರಲ್ಲಿ ಗಿಬ್ಸನ್ ಕಂಪನಿ ಎಲ್-5 ತಂದದ್ದು ಇಂಥ ಅಗತ್ಯಕ್ಕೆ. 1936ರಲ್ಲಿ ಅದೇ ಕಂಪನಿ ಇಎಸ್-150 ಎಂಬ ವಿದ್ಯುತ್ ಗಿಟಾರ್ ತಂದಿತು. ಗಿಟಾರು ಮತ್ತು ಆಂಪ್ ಸೇರಿ ಸುಮಾರು 150 ಡಾಲರ್, ಹೆಸರಿನಲ್ಲಿರುವ ಸಂಖ್ಯೆ ಬಂದದ್ದು ಅಲ್ಲಿಂದ. ಒಕ್ಲಹೋಮಾದ ಚಾರ್ಲಿ ಕ್ರಿಶ್ಚಿಯನ್ 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ಜಾಝ್ ತಂಡ ಸೇರಿ ಆ ಗಿಟಾರಿನಲ್ಲಿ ಸ್ಯಾಕ್ಸೊಫೋನಿನವರಿಗೆ ಸರಿಸಮನಾಗಿ ಸೋಲೋ ನುಡಿಸಿದರು. 1942ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ 25 ವರ್ಷ. ಅಷ್ಟು ಕಡಿಮೆ ಸಮಯದಲ್ಲಿ ಅವರು ಹಾಕಿಕೊಟ್ಟ ದಾರಿಯಲ್ಲಿಯೇ ಇಂದಿಗೂ ಎಲ್ಲರೂ ನಡೆಯುವುದು. ಪಿಕಪ್ ಬಂದ ಮೇಲೆ ಸದ್ದಿಗಾಗಿ ದೊಡ್ಡ ಒಡಲು ಬೇಕೇಬೇಕು ಎಂಬುದು ಮುಗಿಯಿತು. ಕಿವಿಗೆ ಅಭ್ಯಾಸವಾದ ನಾದ, ಕಣ್ಣಿಗೆ ಅಭ್ಯಾಸವಾದ ಆಕಾರ ಮಾತ್ರ ಉಳಿದುಕೊಂಡವು.

ಇನ್ನೊಂದು ಸಂಗತಿ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಜಾಝ್ ಗಿಟಾರ್ ಅಂದ ಕೂಡಲೇ ಜಗತ್ತು ನೆನೆಯುವ ಗಿಬ್ಸನ್ ಇಎಸ್-175 ಹುಟ್ಟಿದ್ದು ಕಡಿಮೆ ಬೆಲೆಯ ಗಿಟಾರಾಗಿ. 1949ರಲ್ಲಿ ಬಂದಾಗ ಅದರ ಬೆಲೆ 175 ಡಾಲರ್. ಎಲ್-5ರ ಹಾಗೆ ಇಡೀ ಮರವನ್ನು ಕೆತ್ತಿ ಮಾಡಿದ ಹಲಗೆ ಅದಕ್ಕಿರಲಿಲ್ಲ. ಮೇಪಲ್ ಮರದ ತೆಳು ಪದರಗಳನ್ನು ಅಂಟಿಸಿ, ಒತ್ತಿ ಬಗ್ಗಿಸಿದ ಪ್ಲೈವುಡ್ಡೇ ಅದರ ಒಡಲು. ಪ್ಲೈವುಡ್ ಕಡಿಮೆ ಕಂಪಿಸುವುದರಿಂದ ಆಂಪ್ ಎದುರು ಅದು ಕೂಗುವುದೂ (ಫೀಡ್‌ಬ್ಯಾಕ್) ಕಡಿಮೆ. ಜಿಮ್ ಹಾಲ್, ಜೋ ಪಾಸ್ ಅಂಥವರು ಅದರಲ್ಲಿ ನುಡಿಸಿದ್ದನ್ನು ಕೇಳಿ ನಾವು ಕಣ್ಣು ಮುಚ್ಚಿ ಕೂರುತ್ತೇವಲ್ಲ, ಅದು ಪ್ಲೈವುಡ್ಡಿನ ನಾದ. ಆ ಜೋ ಪಾಸ್ ಕೂಡ 1960ರ ದಶಕದ ಆರಂಭದಲ್ಲಿ ಮಾದಕ ವ್ಯಸನ ಬಿಡಿಸುವ ಸಿನಾನನ್ ಕೇಂದ್ರದಲ್ಲಿದ್ದಾಗ ಸ್ವಂತ ಗಿಟಾರ್ ಇಲ್ಲದೆ ಅಲ್ಲಿದ್ದ ಫೆಂಡರ್ ಕಂಪನಿಯ ಸಾಲಿಡ್ ಬಾಡಿ (ಟೊಳ್ಳಿಲ್ಲದ ಗಟ್ಟಿ ಹಲಗೆಯ) ಗಿಟಾರಿನಲ್ಲಿ ನುಡಿಸುತ್ತಿದ್ದರು. ಆಗಿನ ಧ್ವನಿಮುದ್ರಿಕೆ ಕೇಳಿ ನೋಡಿ, ಜೋ ಪಾಸ್ ಜೋ ಪಾಸೇ.

ಟೊರಾಂಟೊದ ಜಾಝ್ ಗಿಟಾರ್ ವಾದಕ ಎಡ್ ಬಿಕರ್ಟ್ ಜೀವನದ ಬಹುಕಾಲ ನುಡಿಸಿದ್ದು ಟೆಲಿಕಾಸ್ಟರ್. ಅಮೆರಿಕದ ಕಂಟ್ರಿ ಸಂಗೀತದ ಬ್ಯಾಂಡುಗಳಲ್ಲಿ ಕಾಣುವ, ಹಲಗೆ ಕತ್ತರಿಸಿ ಮಾಡಿದ ಸರಳ ಗಿಟಾರ್ ಅದು. ನೆಕ್ ಕಡೆಗೆ ಝುಂಯ್ ಸದ್ದು ತಗ್ಗಿಸುವ ಒಂದು ಹಂಬಕರ್ ಪಿಕಪ್ ಹಾಕಿಸಿಕೊಂಡಿದ್ದರು ಅಷ್ಟೆ. 1970ರ ದಶಕದಲ್ಲಿ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಜೊತೆ ಅವರು ನುಡಿಸಿದ್ದನ್ನು ಗಿಟಾರ್ ತೋರಿಸದೆ ಕೇಳಿಸಿದರೆ ಟೊಳ್ಳು ಗಿಟಾರೆಂದೇ ಹೆಚ್ಚಿನವರು ಹೇಳುತ್ತಾರೆ. ಕ್ಯಾಲಿಫೋರ್ನಿಯಾದ ಟೆಡ್ ಗ್ರೀನ್, ಈಗಿನ ಬಿಲ್ ಫ್ರಿಸೆಲ್, ಜೂಲಿಯನ್ ಲಾಜ್ ಇವರೆಲ್ಲರ ಕೈಯಲ್ಲಿ ಟೆಲಿಕಾಸ್ಟರ್ ಕಾಣುತ್ತದೆ. ಇನ್ನೊಂದು ಕಡೆ, ಫೆಂಡರ್ ಕಂಪನಿ 1958ರಲ್ಲಿ ಜಾಝ್‌ನವರಿಗಾಗಿಯೇ ಜಾಝ್‌ಮಾಸ್ಟರ್ ಎಂಬ ಹೆಸರಿಟ್ಟು ಒಂದು ದುಬಾರಿ ಗಿಟಾರ್ ತಂದಿತ್ತು. ಜಾಝ್‌ನವರಲ್ಲಿ ಅದನ್ನು ಹಿಡಿದವರು ಕಡಿಮೆ. ಕಡಲ ಅಲೆಯ ಮೇಲೆ ಹಲಗೆಯಾಟ ಆಡುವ ಹುಡುಗರ ಸರ್ಫ್ ಸಂಗೀತದವರು ಅದನ್ನು ಎತ್ತಿಕೊಂಡರು. ಗಿಟಾರಿನ ತಲೆಯ ಮೇಲೆ ಏನು ಬರೆದಿದೆ ಎಂಬುದರಿಂದ ನಾದ ತೀರ್ಮಾನವಾಗುವುದಿಲ್ಲ.

ಹಾಗಾದರೆ ಯಾವುದರಿಂದ? ಈ ವರ್ಷ ನನ್ನ ಮೇಜಿನ ಮೇಲೆ ನಡೆದದ್ದನ್ನೇ ಹೇಳುತ್ತೇನೆ. ಬಿಕಾಂ ಕೊನೆಯ ವರ್ಷದ ಹುಡುಗಿಯೊಬ್ಬಳು ಮನೆಪಾಠ ಹೇಳಿ 25,000 ರೂಪಾಯಿ ಕೂಡಿಟ್ಟಿದ್ದಳು. "ಅಂಕಲ್, ಇಷ್ಟರಲ್ಲಿ ಜಾಝ್ ಗಿಟಾರ್ ಸಿಗ್ತದಾ?" ಅಂತ ಕೇಳಿದಳು. ಸಿಗುತ್ತದೆ, ಆದರೆ ಅಷ್ಟೂ ಹಣವನ್ನು ಗಿಟಾರಿಗೇ ಹಾಕಬೇಡ ಎಂದೆ. ಊರು ಬಿಟ್ಟು ಗಲ್ಫಿಗೆ ಹೊರಟಿದ್ದ ಒಬ್ಬರಿಂದ ಟೆಲಿಕಾಸ್ಟರ್ ಮಾದರಿಯ ಹಳೆಯ ಗಿಟಾರ್ 14,000ಕ್ಕೆ ಸಿಕ್ಕಿತು. ಬಣ್ಣ ಅಲ್ಲಲ್ಲಿ ಕೆತ್ತಿಹೋಗಿತ್ತು. ನೆಕ್ ನೆಟ್ಟಗಿತ್ತು, ಫ್ರೆಟ್ಟುಗಳಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ) ಜೀವ ಇತ್ತು. ನನಗೆ ಬೇಕಾದದ್ದು ಅಷ್ಟೆ.

ಅದರ ಮೇಲಿದ್ದ 9ರ ಅಳತೆಯ (ಮೊದಲ ತಂತಿಯ ದಪ್ಪ, ಇಂಚಿನ ಸಾವಿರ ಪಾಲಿನಲ್ಲಿ 9) ತೆಳು ತಂತಿ ತೆಗೆದು ಎಸೆದೆವು. 12ರಿಂದ ಶುರುವಾಗುವ ಫ್ಲಾಟ್‌ವೌಂಡ್ ಸೆಟ್ ಹಾಕಿದೆವು. ಮಾಮೂಲಿ ದಪ್ಪ ತಂತಿಗಳ ಮೇಲೆ ಸುತ್ತಿರುವುದು ದುಂಡು ತಂತಿ, ಬೆರಳು ಜಾರಿದರೆ ಕಿರ್ರ್ ಎನ್ನುತ್ತದೆ, ನಾದಕ್ಕೆ ಒಂದು ಮಿರುಗು ಇರುತ್ತದೆ. ಫ್ಲಾಟ್‌ವೌಂಡಿನಲ್ಲಿ ಸುತ್ತಿರುವುದು ಚಪ್ಪಟೆ ಪಟ್ಟಿ. ಮುಟ್ಟಿದರೆ ನುಣುಪು, ಬೆರಳ ಸದ್ದಿಲ್ಲ, ಸ್ವರ ಮೊಳಗಿ ಬೇಗ ಇಳಿಯುತ್ತದೆ. ಇನ್ನೂ ಮುಖ್ಯವಾದದ್ದು ಮೂರನೆಯ ತಂತಿ. ತೆಳು ಸೆಟ್ಟಿನಲ್ಲಿ ಅದು ಸುತ್ತಿಲ್ಲದ ಬರಿಯ ಉಕ್ಕಿನ ಎಳೆ, ಒತ್ತಿ ಹಿಡಿದರೆ ಶ್ರುತಿ ಏರುತ್ತದೆ, ಕಾರ್ಡಿನ ನಡುವೆ ಅದೊಂದೇ ಚೀರುತ್ತದೆ. ಜಾಝ್‌ನಲ್ಲಿ ಕಾರ್ಡಿನ ಮೂರನೆಯ ಮತ್ತು ಏಳನೆಯ ಸ್ವರಗಳು ಹೆಚ್ಚಾಗಿ ಬೀಳುವುದು ಮೂರು ಮತ್ತು ನಾಲ್ಕನೇ ತಂತಿಗಳ ಮೇಲೆ. ಅಲ್ಲಿ ಶ್ರುತಿ ಕೆಟ್ಟರೆ ಎಲ್ಲ ಕೆಟ್ಟಂತೆ. ದಪ್ಪ ಸೆಟ್ಟಿನಲ್ಲಿ ಮೂರನೆಯದೂ ಸುತ್ತಿದ ತಂತಿ.

ದಪ್ಪ ತಂತಿ ಸುಮ್ಮನೆ ಹಾಕಿದರೆ ಆಗುವುದಿಲ್ಲ. ನೆಕ್ಕಿನ ತುದಿಯ ನಟ್‌ನಲ್ಲಿ ಕೊರೆದ ಕಚ್ಚು ತೆಳು ತಂತಿಯ ಅಳತೆಗಿರುತ್ತದೆ. ಅವಳ ಗಿಟಾರಿನಲ್ಲೂ ಶ್ರುತಿ ಮಾಡುವಾಗ ಮೂರನೆಯ ತಂತಿ ಸಿಕ್ಕಿಕೊಂಡು, ಟಿಂಕ್ ಎಂದು ಹಾರಿ ಶ್ರುತಿ ದಾಟುತ್ತಿತ್ತು. ಸಣ್ಣ ಅರದಿಂದ ಆ ಕಚ್ಚನ್ನು ಅಗಲ ಮಾಡಿದೆ, ಆಳ ಮಾಡಲಿಲ್ಲ. ಆಳವಾದರೆ ಮೊದಲ ಫ್ರೆಟ್ಟಿಗೆ ತಾಗಿ ಝರ್ ಎನ್ನುತ್ತದೆ, ಮತ್ತೆ ನಟ್ಟೇ ಬದಲಿಸಬೇಕು. ದಪ್ಪ ತಂತಿಯ ಎಳೆತಕ್ಕೆ ನೆಕ್ ಮುಂದೆ ಬಾಗಿತ್ತು. ನೆಕ್ಕನ್ನು ನೆಟ್ಟಗಿಡಲು ಒಳಗಿರುವ ಟ್ರಸ್ ರಾಡ್ ಎಂಬ ಕಂಬಿಯನ್ನು ಕಾಲು ಸುತ್ತು ಬಿಗಿ ಮಾಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮೊದಲ ಫ್ರೆಟ್ಟನ್ನೂ ಒಡಲು ಸೇರುವಲ್ಲಿನ ಫ್ರೆಟ್ಟನ್ನೂ ಒತ್ತಿ ಹಿಡಿದು ನೋಡಿದಾಗ ಏಳನೆಯ ಫ್ರೆಟ್ಟಿನ ಮೇಲೆ ಕಾಗದದಷ್ಟು ಸಂದು ಉಳಿದಿತ್ತು, ಅದೇ ಸರಿ. ಕೊನೆಗೆ ಒಡಲಿನ ಮೇಲೆ ತಂತಿ ಹೊರುವ ಬ್ರಿಡ್ಜಿನಲ್ಲಿ ಮೂರನೆಯ ತಂತಿಯ ಸ್ಯಾಡಲನ್ನು (ತಂತಿ ಕೂರುವ ತುಂಡನ್ನು) ಸ್ವಲ್ಪ ಮುಂದಕ್ಕೆ ತಂದು 12ನೇ ಫ್ರೆಟ್ಟಿನ ಹಾರ್ಮೋನಿಕ್ಕೂ (ತಂತಿಯನ್ನು ಒತ್ತದೆ ಬರಿದೆ ಮುಟ್ಟಿ ಹೊರಡಿಸುವ ಸ್ವರ) ಅಲ್ಲಿ ಒತ್ತಿದ ಸ್ವರವೂ ಒಂದೇ ಆಗುವಂತೆ ಮಾಡಿದೆ.

ನೆಕ್ ಪಿಕಪ್ಪಿಗೆ ಹಾಕಿ, ಟೋನ್ ಅರ್ಧಕ್ಕೆ ಇಳಿಸಿ ಅವಳ ಕೈಗೆ ಕೊಟ್ಟೆ. ತಂತಿ ಮೀಟುವ ಪಿಕ್ ಬದಿಗಿಟ್ಟು ಹೆಬ್ಬೆರಳಿನಿಂದ ನುಡಿಸು ಎಂದೆ. ಇಂಡಿಯಾನಪೊಲಿಸ್‌ನ ವೆಸ್ ಮಾಂಟ್ಗೊಮೆರಿ ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ನುಡಿಸುತ್ತಿದ್ದ ಕಾಲದಲ್ಲಿ ಅಕ್ಕಪಕ್ಕದವರಿಗೆ ತೊಂದರೆ ಆಗಬಾರದೆಂದು ಹೆಬ್ಬೆರಳು ಹಿಡಿದವರು, ಕೊನೆಯವರೆಗೂ ಬಿಡಲಿಲ್ಲ. ಹೆಬ್ಬೆರಳಿಗೆ ದುಡ್ಡು ಕೊಡಬೇಕಾಗಿಲ್ಲ. ಅವಳು ಎರಡು ಕಾರ್ಡ್ ನುಡಿಸಿ ನನ್ನ ಮುಖ ನೋಡಿದಳು. ರೆಕಾರ್ಡಿನಲ್ಲಿ ಕೇಳಿದ ನಾದ ತನ್ನ ಕೈಯಿಂದಲೇ ಬಂದದ್ದು ಅವಳಿಗೆ ಗೊತ್ತಾಗಿತ್ತು.

ಆ ಗಿಟಾರಿನ ಖರ್ಚು ಮುಗಿದ ಮೇಲೂ ಹಣ ಉಳಿದಿತ್ತು. ಅದರಲ್ಲಿ ಸೆಕೆಂಡ್ ಹ್ಯಾಂಡ್ ಆಂಪ್ ಒಂದು ಬಂತು. ಆಂಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಗೆ 15ರಿಂದ 20 ವಾಟ್ ಬೇಕಾದಷ್ಟು. ಕ್ಲೀನ್ ಚಾನಲ್ಲಿನಲ್ಲಿ ಸದ್ದು ಏರಿಸಿದರೂ ಒಡೆಯಬಾರದು, ಸ್ಪೀಕರ್ ತೀರಾ ಸಣ್ಣದಿರಬಾರದು. ನೂರು ಬಗೆಯ ಎಫೆಕ್ಟ್ ಇರುವ ಆಂಪಿಗೆ ಹೆಚ್ಚು ಹಣ ಕೊಡುವುದು ಜಾಝ್ ಕಲಿಯುವವರಿಗೆ ದಂಡ.

ಹೊಸದನ್ನೇ ಕೊಳ್ಳುವವರು ಸ್ಕ್ವಾಯರ್ ಬ್ರ್ಯಾಂಡಿನ ಟೆಲಿಕಾಸ್ಟರ್ ಅಥವಾ ಯಮಹಾ ಪೆಸಿಫಿಕಾ ನೋಡಬಹುದು. ಪೆಸಿಫಿಕಾದ ಹೆಚ್ಚಿನ ಮಾದರಿಗಳಲ್ಲಿ ಬ್ರಿಡ್ಜ್ ಸ್ಪ್ರಿಂಗಿನ ಮೇಲೆ ತೇಲುವಂಥದ್ದು. ದಪ್ಪ ತಂತಿ ಹಾಕಿದರೆ ಅದು ಮೇಲೆದ್ದು ನಿಲ್ಲುತ್ತದೆ, ಹಿಂದಿನ ಸ್ಪ್ರಿಂಗ್ ಬಿಗಿಸಿ ಒಡಲಿಗೆ ಕೂರಿಸಬೇಕು. ಈ ರಗಳೆ ಬೇಡ ಎನ್ನುವವರು ಬ್ರಿಡ್ಜ್ ಗಟ್ಟಿಯಾಗಿ ಕೂತಿರುವುದನ್ನೇ ಆರಿಸಿ. ಎಪಿಫೋನಿನ ಲೆಸ್ ಪಾಲ್ ಮಾದರಿಗಳಲ್ಲಿ ನೆಕ್ ಬದಿಗೆ ಹಂಬಕರ್ ಉಂಟು, ಹಾಗಾಗಿ ಝುಂಯ್ ಎಂಬ ಸದ್ದು ಕಡಿಮೆ, ನಾದ ತುಂಬಿಕೊಂಡಿರುತ್ತದೆ. ಆದರೆ ತೂಕ ಜಾಸ್ತಿ, ಕೂತು ಅಭ್ಯಾಸ ಮಾಡುವವರ ಸೊಂಟಕ್ಕೆ ಅದು ಗೊತ್ತಾಗುತ್ತದೆ. ಕೊಂಚ ಹೆಚ್ಚು ಹಣ ಇದ್ದು ಟೊಳ್ಳೇ ಬೇಕೆಂಬ ಮನಸ್ಸಿದ್ದರೆ ಐಬನೇಜ್‌ನ ಆರ್ಟ್‌ಕೋರ್ ಸಾಲು ಗಿಬ್ಸನ್ನಿನ ಬೆಲೆಯ ಸಣ್ಣದೊಂದು ಪಾಲಿಗೆ ಬರುತ್ತದೆ, ಒಳ್ಳೆಯ ಕೆಲಸ. ಇವುಗಳಲ್ಲಿ ಯಾವುದನ್ನೇ ಆಗಲಿ ಫೋಟೋ ನೋಡಿ ತರಿಸಬೇಡಿ. ಒಂದೇ ಮಾದರಿಯ ಎರಡು ಗಿಟಾರುಗಳ ನೆಕ್ ಬೇರೆ ಬೇರೆ ಇರುವುದನ್ನು ನಾನು ನೋಡುತ್ತಲೇ ಇರುತ್ತೇನೆ.

ಅಂಗಡಿಯಲ್ಲಿ ಕೂತು ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒಂದೊಂದೇ ಸ್ವರವಾಗಿ ನುಡಿಸಿ ನೋಡಿ, ನಾಚಿಕೆ ಬೇಡ. ಎಲ್ಲಾದರೂ ಸ್ವರ ಸತ್ತರೆ ಅಥವಾ ಝರ್ ಎಂದರೆ ಯಾಕೆಂದು ಕೇಳಿ. ನೆಕ್ಕಿನ ಅಂಚಿನಲ್ಲಿ ಅಂಗೈ ಸವರಿದಾಗ ಫ್ರೆಟ್ಟಿನ ತುದಿ ಚುಚ್ಚಬಾರದು. ಫೋನಿನ ಟ್ಯೂನರ್ ಹಿಡಿದು ಮೇಲೆ ಹೇಳಿದ 12ನೇ ಫ್ರೆಟ್ಟಿನ ಪರೀಕ್ಷೆ ಮಾಡಿ. ಆಮೇಲೆ ಟೋನ್ ಇಳಿಸಿ ಕೇಳಿ. ಸ್ವರದ ಚೂಪು ಹೋಗಿ ದುಂಡಗಾಗಬೇಕು, ಕಂಬಳಿ ಹೊದಿಸಿದ ಹಾಗೆ ಮಂಕಾದರೆ ಆ ಪಿಕಪ್ ಜಾಝ್‌ಗೆ ಆಗುವುದಿಲ್ಲ.

ನಮ್ಮ ಕರಾವಳಿಯವರಿಗೆ ಇನ್ನೊಂದು ಕಾರಣವೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ. ತೆಳು ಹಲಗೆಯ ಟೊಳ್ಳು ಗಿಟಾರ್ ತೇವ ಕುಡಿದು ಉಬ್ಬುತ್ತದೆ, ತಂತಿ ಮೇಲೇರುತ್ತದೆ. ಇಡೀ ಮರವನ್ನು ಕೆತ್ತಿ ಮಾಡಿದ ದುಬಾರಿ ಗಿಟಾರುಗಳಿಗೆ ಈ ಕಾಟ ಇನ್ನೂ ಹೆಚ್ಚು. ದಪ್ಪ ಪಾಲಿಯೂರೆಥೇನ್ ಬಣ್ಣ ಬಳಿದ ಗಟ್ಟಿ ಹಲಗೆಯ ಅಗ್ಗದ ಗಿಟಾರ್ ಇದನ್ನು ತಾಳಿಕೊಳ್ಳುತ್ತದೆ. ಮಳೆಗಾಲ ಬಂದಾಗ ಟ್ರಸ್ ರಾಡ್ ಸ್ವಲ್ಪ ತಿರುಗಿಸಿ, ತಂತಿ ಒರೆಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟರೆ ಸಾಕು. ಪ್ಯಾರಿಷ್ ಹಾಲ್‌ಗಳಲ್ಲಿ ಸ್ಪೀಕರಿನ ಪಕ್ಕವೇ ನಿಂತು ನುಡಿಸಬೇಕಾಗುವ ನಮ್ಮ ಹುಡುಗರಿಗೆ ಫೀಡ್‌ಬ್ಯಾಕ್ ಕೂಗು ಇಲ್ಲದಿರುವುದೂ ದೊಡ್ಡ ಉಪಕಾರ.

ಅಷ್ಟು ಕೂಡ ಹಣ ಇಲ್ಲದವರ ಮನೆಯಲ್ಲಿ ಉಕ್ಕಿನ ತಂತಿಯ ಒಂದು ಮಾಮೂಲಿ ಅಕೌಸ್ಟಿಕ್ ಗಿಟಾರ್ ಇದ್ದೀತು. ಅದರಿಂದಲೇ ಶುರು ಮಾಡಿ. ಫ್ರೆಡ್ಡಿ ಗ್ರೀನ್ 1937ರಿಂದ 1987ರವರೆಗೆ ಕೌಂಟ್ ಬೇಸಿ ಅವರ ಜಾಝ್ ತಂಡದಲ್ಲಿ ಪಿಕಪ್ ಇಲ್ಲದ ಗಿಟಾರಿನಲ್ಲಿ ಲಯ ಹಿಡಿದು ಕೂತವರು. ಸೋಲೋ ನುಡಿಸಿದ್ದು ಇಲ್ಲವೆನ್ನುವಷ್ಟು ಕಡಿಮೆ. ಆರು, ನಾಲ್ಕು, ಮೂರನೆಯ ತಂತಿಗಳ ಮೇಲೆ ಮೂರೇ ಸ್ವರದ ಕಾರ್ಡು, ತಾಳದ ಒಂದು ಆವರ್ತಕ್ಕೆ ನಾಲ್ಕು ಹೊಡೆತ. ಇದನ್ನು ಒಂದು ಹಾಡಿನುದ್ದಕ್ಕೂ ಲಯ ತಪ್ಪದೆ ನುಡಿಸಲು ಕಲಿತವರಿಗೆ ಮುಂದೆ ಯಾವ ಗಿಟಾರ್ ಬೇಕೆಂದು ತಾನಾಗಿಯೇ ತಿಳಿಯುತ್ತದೆ.

ಒಳ್ಳೆಯ ಟೊಳ್ಳು ಗಿಟಾರಿನಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ತೋಳಿನ ಕೆಳಗೆ ಇಡೀ ಒಡಲು ಮಿಡಿಯುವುದು, ಆಂಪ್ ಇಲ್ಲದೆಯೂ ಸ್ವರ ಕೋಣೆ ತುಂಬುವುದು, ಇದನ್ನು ಗಟ್ಟಿ ಹಲಗೆ ಕೊಡಲಾರದು. ನುಡಿಸಿ ದುಡಿಯುವ ಹಂತಕ್ಕೆ ಬಂದವರು ಕೊಳ್ಳಲಿ, ಸಂತೋಷ. ಬೆಂಗಳೂರಿನಲ್ಲಿ ಹುಟ್ಟಿ ಕೋಲ್ಕತ್ತಾದಲ್ಲಿ ನೆಲೆಸಿದ ಕಾರ್ಲ್‌ಟನ್ ಕಿಟ್ಟೊ 2016ರಲ್ಲಿ ತೀರಿಕೊಳ್ಳುವವರೆಗೂ ಬೀಬಾಪ್ ಎಂಬ ಜಾಝ್ ಶೈಲಿ ನುಡಿಸಿದರು, ಕಲಿಸಿದರು. ಅವರ ಟೊಳ್ಳು ಗಿಟಾರಿನ ನಾದ ನನಗೆ ಪ್ರಾಣ. ಅಂಥ ಬಾಳುವೆಗೆ ಅಂಥ ಗಿಟಾರ್ ಒಪ್ಪುತ್ತದೆ. ನಮ್ಮ ಬಂಟ್ವಾಳ ತಾಲೂಕಿನ ಸಜಿಪದಿಂದ ಬಂದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿ, ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಅವರೊಂದಿಗೆ ಮುಂಬಯಿಯ ವೇದಿಕೆ ಹಂಚಿಕೊಂಡ ನಾಡು ಇದು. ಇಲ್ಲಿನ ಮಕ್ಕಳ ಕಿವಿಗೆ ಜಾಝ್ ದೂರದ್ದಲ್ಲ. ಅವರನ್ನು ದೂರ ಇಡುತ್ತಿರುವುದು ಬೆಲೆಯ ಚೀಟಿ.

ಆದ್ದರಿಂದ ನಿಮ್ಮ ಮೂಲಕ ವಾದ್ಯ ಮಾರುವ ಅಂಗಡಿಯವರಲ್ಲಿ ಒಂದು ವಿನಂತಿ. ನಿಮ್ಮಲ್ಲಿರುವ ಸಾಮಾನ್ಯ ಬೆಲೆಯ ಗಿಟಾರುಗಳಲ್ಲಿ ಒಂದನ್ನು ತೆಗೆದು, 11 ಅಥವಾ 12ರ ಫ್ಲಾಟ್‌ವೌಂಡ್ ತಂತಿ ಹಾಕಿ, ನಟ್ ಮತ್ತು ನೆಕ್ ಸರಿಪಡಿಸಿ ಗೋಡೆಗೆ ತೂಗುಹಾಕಿ. ತಂತಿಗೆ ಸುಮಾರು 2,000 ರೂಪಾಯಿ, ಜೊತೆಗೆ ಅರ್ಧ ದಿನದ ಕೆಲಸ. ಜಾಝ್ ಎಂದು ಕೇಳಿಕೊಂಡು ಬಂದ ಮಗುವಿಗೆ ಮೊದಲು ಅದನ್ನು ಕೊಟ್ಟು ಆಮೇಲೆ ದುಬಾರಿಯದನ್ನು ತೋರಿಸಿ. ಮಂಗಳೂರಿನಲ್ಲಿ ಯಾವ ಅಂಗಡಿಯವರು ಮುಂದೆ ಬಂದರೂ ಮೊದಲ ಗಿಟಾರನ್ನು ನಾನು ಮಜೂರಿ ಇಲ್ಲದೆ ಸೆಟಪ್ ಮಾಡಿಕೊಡುತ್ತೇನೆ.

ಇತಿ,
ಒಬ್ಬ ಗಿಟಾರ್ ರಿಪೇರಿಗಾರ
ಕಂಕನಾಡಿ, ಮಂಗಳೂರು